ಮಿಸ್ ಯುನ್ ಅವರ ಕಾಫಿ ಟ್ರೇ ಕುರಿತು ಪಾಕ್ ಸಾಹೇಬರಲ್ಲಿ ಅರಿಕೆ

ದಕ್ಷಿಣ ಕೊರಿಯಾದ ಯಂತ್ರ ಕಾರ್ಖಾನೆಯೊಂದರ ವಿಭಾಗಾಧಿಕಾರಿಗಳಾದ ಘನತೆವೆತ್ತ ಪಾಕ್ ಸಾಹೇಬರಿಗೆ, ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿ ಹುಟ್ಟಿ, ಈಗ ಬೆಳಗಾವಿಯ ಮಹಾಂತೇಶ ನಗರದಲ್ಲಿ ವಾಸಿಸುವ ಉಳವಪ್ಪನು, ತಾವು ಕಲಿಸಿಕೊಟ್ಟಂತೆಯೇ ಸೊಂಟ ಬಗ್ಗಿಸಿ ಸಲ್ಲಿಸುವ ಶರಣು ಶರಣಾರ್ಥಿಗಳು.

ಮಾನ್ಯರೇ, ಕಳೆದ ವರ್ಷ, ಅಂದರೆ ೧೯೮೪ರಲ್ಲಿ, ನಮ್ಮ ಕಾರ್ಖಾನೆಯವರು ತಮ್ಮಿಂದ ಲೇಥ್ ಕೊಂಡು, ಅದನ್ನು ನಡೆಸಲು ಕಲಿತು ಬಾ ಎಂದು ನನ್ನನ್ನು ತಮ್ಮಲ್ಲಿಗೆ ಕಳಿಸಿದ್ದರು. ಲೇಥಿನ ಬಗ್ಗೆ ನನ್ನ ದೂರಿಲ್ಲ. ಜೊತೆಗೆ ಪುಕ್ಕಟೆಯಾಗಿ ಕಲಿಸಿದಿರಲ್ಲ, ಆ ಮರ್ಯಾದೆಯ ಬಗ್ಗೆ ಇದೆ.

ಮೊದಲ ದಿನ ತಾವು ನನ್ನ ಹೆಸರಿಗಿಂತ ಮುಂಚೆ ವಯಸ್ಸು ಕೇಳಿದಿರಿ. ಇಪ್ಪತ್ತಾರು ಎಂದ ಕೂಡಲೇ ಇಡೀ ವಿಭಾಗಕ್ಕೆ ನಾನೇ ಕಿರಿಯನೆಂದು ತೀರ್ಮಾನವಾಯಿತು. ಹಿರಿಯರ ಹುದ್ದೆಗೆ 'ನಿಮ್' ಎಂದು ಅಂಟಿಸಬೇಕು, ಅದು ನಮ್ಮ 'ರೀ' ಇದ್ದಂತೆ ಎಂಬುದನ್ನು ತಮ್ಮ ಕಚೇರಿಯ ಮಿಸ್ ಯುನ್ ನನಗೆ ಇಂಗ್ಲಿಷಿನಲ್ಲಿ ತಿಳಿಸಿದರು. ಅಲ್ಲಿ ಇಂಗ್ಲಿಷ್ ಬಲ್ಲವರು ಅವರೊಬ್ಬರೇ. ವಯಸ್ಸಿನಲ್ಲಿ ತಮ್ಮ ಮೂವರು ಗುಮಾಸ್ತರಿಗಿಂತ ಹಿರಿಯರು. ಆದರೂ ಆ ಮೂವರಿಗೂ ಕಾಫಿ ತಂದುಕೊಡುವವರು ಅವರೇ. ಅವರ ಕೆಲಸಕ್ಕೆ ಹುದ್ದೆಯ ಹೆಸರೇ ಇಲ್ಲದ್ದರಿಂದ 'ನಿಮ್' ಅಂಟಿಸಲು ಜಾಗವೂ ಇರಲಿಲ್ಲ.

ನಿಯಮವೆಂದರೆ ಎಲ್ಲರಿಗೂ ಒಂದೇ ಎಂದು ನಂಬಿದ್ದ ದಡ್ಡನಾದ ನಾನು, ಹಿರಿಯರು ಕಿರಿಯರಿಗೆ ಕಾಫಿ ಕೊಡುವುದೇಕೆ ಎಂದು ತುಂಬಿದ ಸಭೆಯಲ್ಲಿ ಕೇಳಿಬಿಟ್ಟೆ. ಪಾಪ, ಆ ಪ್ರಶ್ನೆಯನ್ನು ತಮಗೆ ಅನುವಾದಿಸಬೇಕಾದವರೂ ಮಿಸ್ ಯುನ್ ಅವರೇ. ಕಿವಿ ಕೆಂಪಗಾದರೂ ಒಂದಕ್ಷರ ಬಿಡದೆ ಅನುವಾದಿಸಿದರು. ತಾವು ನಕ್ಕು ಏನೋ ಹೇಳಿದಿರಿ. ಆಕೆ ನನ್ನತ್ತ ತಿರುಗಿ, "ನಾನು ಹೆಂಗಸಂತೆ, ಸಾಹೇಬರು ಹೇಳುತ್ತಿದ್ದಾರೆ" ಎಂದರು.

ಆಗ ನನ್ನೊಳಗಿನ ವೀರ ಎದ್ದು ನಿಂತು, ಟ್ರೇ ಕಸಿದುಕೊಂಡು, ಅರ್ಧ ಕಾಫಿಯನ್ನು ತಮ್ಮ ನಕಾಶೆಯ ಮೇಲೆ ಚೆಲ್ಲಿದ. ಹಾಗಾದರೆ ಇನ್ನು ಮೇಲೆ ಕಿರಿಯವನೇ ಕಾಫಿ ತರಲಿ ಎಂದು ತಾವು ಅಪ್ಪಣೆ ಕೊಡಿಸಿದಿರಿ. ಮನೆಯಲ್ಲಿ ಕುಡಿದ ಕಪ್ಪನ್ನು ಎತ್ತಿಡದ ನಾನು ಪರದೇಶದಲ್ಲಿ ಕಾಫಿ ಮಾಡತೊಡಗಿದೆ. ಮಿಸ್ ಯುನ್ ಕುಳಿತಲ್ಲಿಂದ ಏಳದೆ ಒಂದು ಗುಟುಕು ಕುಡಿದು, "ಸಕ್ಕರೆ ಕಡಿಮೆ" ಎಂದರು. ಅವರು ನಕ್ಕಿದ್ದನ್ನು ನಾನು ಕಂಡದ್ದು ಅಂದೇ.

ಅಷ್ಟರಲ್ಲಿ ಅವರ ಮದುವೆ ಗೊತ್ತಾಯಿತು. ಮದುವೆಯಾದ ಹೆಣ್ಣುಮಗಳು ರಾಜೀನಾಮೆ ಕೊಡುವುದು ತಮ್ಮಲ್ಲಿನ ರೂಢಿಯಂತೆ. ಮದುವೆ, ನೌಕರಿ ಎರಡೂ ಬೇಕು ಎಂದು ಅವರು ಕಣ್ಣು ತುಂಬಿಕೊಂಡರು. ರಾಣಿ ಚೆನ್ನಮ್ಮ ಹುಟ್ಟಿದ ಕಾಕತಿ ನಮ್ಮ ಮನೆಗೆ ಹತ್ತಿರವೇ, ನಮ್ಮ ಕಡೆಯ ಹೆಂಗಸರು ರಾಜ್ಯವನ್ನೇ ಆಳಿದವರು ಎಂದು ನಾನು ಎದೆಯುಬ್ಬಿಸಿದೆ. "ನಿಮ್ಮ ಹೆಂಡತಿ ಏನು ಮಾಡುತ್ತಾರೆ?" ಎಂದು ಕೇಳಿದರು. ಮ್ಯಾಟ್ರಿಕ್ ಪಾಸಾಗಿ, ಟೈಪಿಂಗ್ ಕಲಿತು, ರೊಟ್ಟಿ ಬಡಿಯುತ್ತಾಳೆ ಎನ್ನುವ ಬದಲು ನಾನು ಸಕ್ಕರೆ ಡಬ್ಬಿ ಹುಡುಕುತ್ತ ಹೋದೆ. ಬೀಳ್ಕೊಡುಗೆಯ ದಿನ ತಾವು ಆಕೆಗೆ ಹೂಗುಚ್ಛ ಕೊಟ್ಟಿರಿ. ಚಪ್ಪಾಳೆಯಲ್ಲಿ ನನ್ನದೇ ಜೋರು.

ಊರಿಗೆ ಬಂದು ಇದನ್ನೆಲ್ಲ ತಮ್ಮವರನ್ನು ಆಡಿಕೊಳ್ಳುತ್ತ ಹೆಂಡತಿ ಕಾಂತಾಳಿಗೆ ಹೇಳಿದೆ. ಆಕೆ ನಗಲಿಲ್ಲ.

"ಹಿರೇರಿಗೆ 'ರೀ' ಅನಬೇಕಂತ ಕಲತು ಬಂದೀರೇನು? ಚಲೋ ಆತು. ಖರೇ ಹೇಳಬೇಕಂದ್ರ ನಾ ನಿಮಗಿಂತ ಎಂಟು ತಿಂಗಳ ದೊಡ್ಡಾಕಿ. ಲಗ್ನದಾಗ ನಮ್ಮಪ್ಪ ಮುಚ್ಚಿಟ್ಟಿದ್ದ. ಇನ್ನ ಮ್ಯಾಲ 'ಏ ಕಾಂತಾ' ಅನ್ನೂದು ಬ್ಯಾಡ. ಮತ್ತ ಆ ಯುನ್‌ಬಾಯಿಗೆ ಬಿಡಾಕಾದ್ರೂ ಒಂದು ನೌಕರಿ ಇತ್ತು. ನಾ ಮೊದಲ ಒಂದು ಹಿಡೀತೀನಿ."

ಹಿಡಿದೇಬಿಟ್ಟರು. ಈಗ ಶ್ರೀಮತಿ ಕಾಂತಾ ಅವರು ಖಾನಾಪುರದ ಶಾಲೆಯೊಂದರಲ್ಲಿ ಕ್ಲಾರ್ಕ್. ಬೆಳಗಿನ ಬಸ್ಸಿಗೆ ಹೊರಡುವ ಮುನ್ನ ಅವರಿಗೆ ಚಹಾ ಮಾಡಿಕೊಡುವವನು ನಾನು. ಅದನ್ನು ನೋಡಲು ಓಣಿಯವರು ಬಂದು ಹೋಗುತ್ತಾರೆ.

ಆದ್ದರಿಂದ ವಿನಂತಿ: ತಮ್ಮ ದೇಶದಲ್ಲಿ ಮಗು ಹುಟ್ಟಿದೊಡನೆ ಒಂದು ವರ್ಷವೆಂದು ಲೆಕ್ಕ ಹಿಡಿಯುತ್ತೀರಲ್ಲ, ಆ ಒಂದು ವರ್ಷವನ್ನು ನನಗೊಬ್ಬನಿಗೇ ದಯಪಾಲಿಸಬೇಕು, ಕಾಂತಾ ಅವರಿಗೆ ಖಂಡಿತ ಕೊಡಕೂಡದು.

ಸಕಲರಿಗೂ ಕಿರಿಯನಾದ ತಮ್ಮ ವಿಶ್ವಾಸಿ,
ಉಳವಪ್ಪ

ತಾ.ಕ.: ಪತ್ರ ಕನ್ನಡದಲ್ಲಿರುವುದಕ್ಕೆ ಕ್ಷಮೆಯಿರಲಿ. ಇಂಗ್ಲಿಷ್ ಪ್ರತಿಯನ್ನು ತಮಗೇ ಕಳಿಸುತ್ತಿದ್ದೆ, ಆದರೆ ಅದನ್ನು ಓದಿ ಹೇಳುವವರನ್ನು ತಾವು ಹೂವು ಕೊಟ್ಟು ಕಳಿಸಿಬಿಟ್ಟಿದ್ದೀರಿ. ಅದನ್ನು ಮಿಸ್ ಯುನ್ ಅವರ ಮನೆಗೇ ಅಂಚೆಯಲ್ಲಿ ಕಳಿಸಿದ್ದೇನೆ. ತಾವೇ ಹೋಗಿ, ಬಾಗಿಲಲ್ಲಿ ನಿಂತು, ಕೇಳಿಸಿಕೊಂಡು ಬರಬೇಕು.