ಗಾಲ್ಫಿಗೆ ಹೊರಟವನ ಬೀಳ್ಕೊಡುಗೆ

ಈ ವರ್ಷ ಗಾಲ್ಫ್ ಆಡಿಯೇ ತೀರುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದ್ದು ಹೊನ್ನಾವರದಲ್ಲಿ, ಹೊನ್ನಮ್ಮನವರ ಮನೆಯ ಮಹಡಿಯ ಕೋಣೆಯಲ್ಲಿ, ಒಗೆದ ಬನಿಯನ್ ಹಿಂಡುತ್ತಿರುವಾಗ. ಪುರಾಣದವರು ಪ್ರತಿಜ್ಞೆ ಮಾಡಿದರೆ ಆಕಾಶದಿಂದ ಹೂಮಳೆ ಬೀಳುತ್ತಿತ್ತಂತೆ. ನನ್ನದಕ್ಕೆ ಬನಿಯನ್ನಿನ ನೀರು ಕಾಲ ಮೇಲೆ ಬಿತ್ತು.

ನಾನು ಪ್ರವೀಣ, ಗದಗಿನವ. ಎಂ.ಕಾಂ. ಓದಲು ಇಲ್ಲಿಗೆ ಬಂದು ಆರು ತಿಂಗಳಾಗಿತ್ತು. ಆ ಆರು ತಿಂಗಳಲ್ಲಿ ನನ್ನನ್ನು ಪ್ರೀತಿಯಿಂದ ಕರೆದದ್ದು ಫೋನ್ ಕಂಪನಿಯವರು ಮಾತ್ರ, 'ಪ್ರಿಯ ಗ್ರಾಹಕರೇ' ಎಂದು. ಕ್ಲಾಸಿನ ಹದಿನಾಲ್ಕು ಮಂದಿಯೂ ಮೂರು ಗಂಟೆಯಾಯಿತೆಂದರೆ ಅರ್ಧ ಕುಮಟಾ ಬಸ್ಸಿಗೆ, ಅರ್ಧ ಭಟ್ಕಳ ಬಸ್ಸಿಗೆ ಓಡುತ್ತಿದ್ದರು. ಅವರಿಗೆ ಕೈ ಬೀಸಿ ಬರುವುದೇ ನನ್ನ ಸಾಮಾಜಿಕ ಜೀವನ. ಸಂಜೆ ಹೊನ್ನಮ್ಮನವರ ಜಗಲಿಯಲ್ಲಿ ಕೇರಿಯೇ ನೆರೆದು ನಗುವುದು ಕೇಳಿಸುತ್ತಿತ್ತು. ನನ್ನ ಪಾಲಿಗೆ ಮೆಟ್ಟಿಲ ಬುಡದಿಂದ ದಿನಕ್ಕೊಂದೇ ಮಾತು ಬರುತ್ತಿತ್ತು: "ನೀರು ಬಂತು." ಅದಕ್ಕೆ ನಾನು ಸವಿಸ್ತಾರವಾಗಿ "ಹೂಂ" ಎನ್ನುತ್ತಿದ್ದೆ.

ಹೀಗಿರುವಾಗ ಟೈ ಕಟ್ಟಿದ ಮಹನೀಯರೊಬ್ಬರು ಕಾಲೇಜಿಗೆ ಭಾಷಣಕ್ಕೆ ಬಂದರು. "ಗಾಲ್ಫಿನಲ್ಲಿ ನಾಲ್ಕು ಜನ ಮಾತಾಡುತ್ತ ನಾಲ್ಕು ತಾಸು ನಡೆಯುತ್ತಾರೆ. ದೊಡ್ಡ ವ್ಯವಹಾರಗಳು ಕುದುರುವುದು ಅಲ್ಲೇ" ಎಂದರು. ಉಳಿದವರು 'ವ್ಯವಹಾರ' ಎಂದು ಬರೆದುಕೊಂಡರು. ನಾನು 'ನಾಲ್ಕು ತಾಸು ಮಾತು' ಎಂದು ಬರೆದು ಎರಡು ಸಲ ಗೆರೆ ಎಳೆದೆ. ಚೆಂಡು ಕುಳಿಗೆ ಬೀಳಲಿ, ಬಿಡಲಿ, ಮಾತಾಡಲು ಮೂರು ಜನ ಸಿಕ್ಕರೆ ಸಾಕಿತ್ತು.

ಹತ್ತಿರದ ಮೈದಾನ ಯಾವುದೆಂದು ಕೇಳಿದರೆ ಫೋನು ಗೋವಾದ ದೊಡ್ಡ ಹೋಟೆಲೊಂದನ್ನು ತೋರಿಸಿತು. ಅಲ್ಲಿ ಒಂದು ದಿನ ಆಡುವ ದುಡ್ಡಿನಲ್ಲಿ ಇಲ್ಲಿ ಒಂದು ತಿಂಗಳು ಉಣ್ಣಬಹುದು. ಬಡ ವಿದ್ಯಾರ್ಥಿಗೆ ಎಟಕುವ ಮೈದಾನ ಎಲ್ಲಾದರೂ ಇದ್ದೀತು, ಊರವರಿಗೆ ಗೊತ್ತಿದ್ದೀತು ಎಂದು ಧೈರ್ಯ ತಂದುಕೊಂಡು ಕೆಳಗಿಳಿದೆ. ಹೊನ್ನಮ್ಮ ಬಾವಿಕಟ್ಟೆಯ ಹತ್ತಿರ ಮೀನು ಹೆಚ್ಚುತ್ತಿದ್ದರು.

"ಅಮ್ಮಾ, ಕಡಿಮಿ ಖರ್ಚಿನ್ಯಾಗ ಗಾಲ್ಫಿಗೆ ಹೋಗ್ಬೇಕಾಗೇತ್ರಿ. ಎಲ್ಲಿ ಕೇಳ್ಬೇಕ್ರಿ?"

ಅವರು ಕೈಯಲ್ಲಿದ್ದ ಬಂಗುಡೆಯನ್ನು ಕೆಳಗಿಟ್ಟರು. "ಗಲ್ಪಿಗೆ? ನೀನಾ?"

"ಹೌದ್ರಿ. ಓದೋ ಹುಡುಗ್ರಿಗೆ ಏನಾರ ರಿಯಾಯಿತಿ ಐತೇನ್ರಿ?"

"ಅದೆಲ್ಲ ನಂಗೆ ಗೊತ್ತಿಲ್ಲ ತಮಾ. ಭಟ್ಕಳಕ್ಕೆ ಹೋಗಿ ಕೇಳು. ಅಲ್ಲಿ ಮನೆಗೊಬ್ರು ಹೋಗಿದ್ರು."

ಭಟ್ಕಳದಲ್ಲಿ ಮನೆಗೊಬ್ಬರು ಗಾಲ್ಫ್ ಆಡುತ್ತಾರೆ! ಕರಾವಳಿಯವರು ಇಷ್ಟು ಮುಂದೆ ಹೋಗಿರುವಾಗ ನಮ್ಮ ಗದಗು ಇನ್ನೂ ಚಿಣಿದಾಂಡಿನಲ್ಲೇ ಇದೆಯಲ್ಲ ಎಂದು ಮರುಗುತ್ತ ಮರುದಿನವೇ ಬಸ್ ಹತ್ತಿದೆ.

ಭಟ್ಕಳದಲ್ಲಿ ಕೇಳಿದವರೆಲ್ಲ ಒಂದೇ ಕಡೆ ಕೈ ತೋರಿಸಿದರು. ಅದು ದಾಮುದಿ ಸಾಹೇಬರ ಟ್ರಾವೆಲ್ಸ್ ಅಂಗಡಿ.

"ಪಾಸ್‌ಪೋರ್ಟ್ ಉಂಟಾ?" ಸಾಹೇಬರು ಕೇಳಿದರು.

ದೊಡ್ಡವರ ಆಟ, ಗೇಟಿನಲ್ಲಿ ಗುರುತು ಕೇಳುತ್ತಾರೆಂದುಕೊಂಡು ಆಧಾರ್ ಕಾರ್ಡ್ ತೆಗೆದಿಟ್ಟೆ.

"ಮುಂಚೆ ಅನುಭವ?"

"ಮೊಬೈಲ್‌ನ್ಯಾಗ ಆಡೀನ್ರಿ."

ಸಾಹೇಬರು ಕನ್ನಡಕ ತೆಗೆದರು. "ಎಷ್ಟು ವರ್ಷಕ್ಕೆ ಹೋಗೋದು?"

"ವರ್ಷ ಯಾಕ್ರಿ? ರವಿವಾರ ಮುಂಜಾನೆ ಹೋಗಿ ಸಂಜಿಗೆ ಬಂದ್ಬಿಡ್ತೀನ್ರಿ."

"ದುಬೈಯಿಂದ?"

ನಾನು ಕೋಲು, ಚೆಂಡು, ಕುಳಿ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಸಾಹೇಬರು ಪಕ್ಕದ ಅಂಗಡಿಯವರನ್ನೂ ಕರೆದು ಅವರ ನವಾಯತಿ ಭಾಷೆಯಲ್ಲಿ ಕಥೆ ಹೇಳಿದರು. ಇಬ್ಬರೂ ಕಣ್ಣೊರೆಸಿಕೊಂಡು ನಕ್ಕರು. ಕೊನೆಗೆ ನನಗೊಂದು ಚಹಾ ತರಿಸಿ, "ಇಲ್ಲಿಂದ ಗಲ್ಫ್ ಹತ್ತಿರ ಬೇಟಾ, ಗಾಲ್ಫ್ ದೂರ" ಎಂದರು.

'ಗ'ಕ್ಕೆ ಎಳೆದ ಒಂದು ದೀರ್ಘ ಇಷ್ಟೆಲ್ಲ ಮಾಡಿತ್ತು! ಮನೆ ಮುಟ್ಟಿದ ಕೂಡಲೇ ಹೊನ್ನಮ್ಮನವರಿಗೆ ವಿಷಯ ಹೇಳಿ ನಕ್ಕು ಮುಗಿಸುವುದೆಂದು ಹೊನ್ನಾವರದ ಬಸ್ ಹತ್ತಿದೆ. ಬಂದು ನೋಡಿದರೆ ಜಗಲಿ ತುಂಬ ಜನ. ಪಕ್ಕದ ಮನೆಯ ದರ್ಜಿ ದೇವು, ಮೀನು ಮಾರುವ ಮಾದಿ, ಇನ್ನೂ ನಾಲ್ಕಾರು ಮಂದಿ ನನಗಾಗಿಯೇ ಕಾದಿದ್ದರು.

"ಎಂತ ಆತು? ಹೋದ ಕೆಲಸ ಆತಾ?" ಎಂದರು ದೇವು.

ನಿಜ ಹೇಳಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹೊನ್ನಮ್ಮ ಕುರ್ಚಿ ಎಳೆದು, ಚಹಾ ಕೈಗಿಟ್ಟು, "ಕೂತ್ಕೋ ತಮಾ, ದಣಿದು ಬಂದ್ಯ" ಎಂದರು. ಆರು ತಿಂಗಳಲ್ಲಿ ನನಗೆಂದು ಯಾರೂ ಕುರ್ಚಿ ಎಳೆದಿರಲಿಲ್ಲ. ತೆರೆದ ಬಾಯಿಗೆ ಚಹಾ ಹೊಯ್ದುಕೊಂಡು, "ಮುಂದಿನ ತಿಂಗಳು" ಎಂದುಬಿಟ್ಟೆ.

ಅಂದಿನಿಂದ ನಾನು ಕೇರಿಯ ಅಳಿಯ. ಸಂಜೆಯಾದರೆ ಕೆಳಗಿನಿಂದ ಕೂಗು. ಮನೆಮನೆಯ ಸುದ್ದಿ, ನಗೆ, ಹಲಸಿನ ಹಪ್ಪಳ. ದೇವು ನನ್ನ ಪ್ಯಾಂಟಿಗೆ ಒಳಗಡೆ ಕಳ್ಳಜೇಬು ಹೊಲಿದುಕೊಟ್ಟು, "ವಿಮಾನದಲ್ಲಿ ಯಾರನ್ನೂ ನಂಬಬೇಡ" ಎಂದರು. ಮಾದಿ ಮಸ್ಕತ್ತಿನಲ್ಲಿರುವ ಅಕ್ಕನ ಮಗನಿಗೆ ಕೊಡೆಂದು ಒಣ ಸೀಗಡಿಯ ಗಂಟು ತಂದರು. ಅದರ ಹಿಂದೆ ಮಾವಿನ ಮಿಡಿ, ಕೆಂಪಕ್ಕಿ, ಸಾರಿಗೆ ಹುಳಿ ಹಾಕುವ ಒಣ ಮುರುಗಲು ಬಂದವು. ಕೋಣೆಯಲ್ಲಿ ಕಾಲು ಚಾಚಲು ಜಾಗವಿಲ್ಲ. ಸೀಗಡಿಯ ವಾಸನೆಗೆ ಬೆಕ್ಕೊಂದು ಬಾಗಿಲಲ್ಲಿ ವಾಸ್ತವ್ಯ ಹೂಡಿತು. ಅದನ್ನೂ ನಾನು ಮಾತಾಡಿಸುತ್ತಿದ್ದೆ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ದಿನ ದೂಡಿದೆ. ಹೇಳಿದ ದಿನ ಜಗಲಿ ಖಾಲಿಯಾಗುತ್ತದೆಂದು ನನಗೆ ಗೊತ್ತಿತ್ತು.

ತಿಂಗಳು ತುಂಬುತ್ತ ಬಂದಾಗ ಹೊನ್ನಮ್ಮ ಸಹಜವಾಗಿ, "ಸೋಮವಾರದಿಂದ ಕೋಣೆ ಬೇರೆ ಹುಡುಗಂಗೆ ಹೇಳಾತು. ಶನಿವಾರ ಸಂಜೆ ನಿಂಗೆ ಪಾಯಸ" ಎಂದರು.

ಶನಿವಾರ ಪಾಯಸದ ಬಟ್ಟಲು ಕೈಗೆ ಬಂತು. ಅದನ್ನು ಹಾಗೇ ಕೆಳಗಿಟ್ಟೆ. ಎದ್ದು ನಿಂತೆ.

"ನಾ ಹೊಂಟಿದ್ದು ಗಲ್ಫಿಗಲ್ರಿ, ಗಾಲ್ಫಿಗೆ. ಕೋಲಿಲೆ ಚೆಂಡು ಹೊಡದು ಕುಳಿಗೆ ಬೀಳಸೋ ಆಟ ಅದು. ಈ ಕಡೆ ಎಲ್ಲೂ ಇಲ್ಲಂತ್ರಿ."

"ಹಂಗಾರೆ ನಾನು ಹೊಲಿದ ಕಳ್ಳಜೇಬು?" ದೇವು ನಿಧಾನವಾಗಿ ಕೇಳಿದರು.

"ನನ್ನ ಸೀಗಡಿ ಕೊಡು" ಎಂದರು ಮಾದಿ.

ಒಂದೊಂದೇ ಗಂಟು ಮೆಟ್ಟಿಲಿಳಿದು ಅವರವರ ಮನೆಗೆ ಹೋಯಿತು. ಬೆಕ್ಕೂ ಸೀಗಡಿಯ ಹಿಂದೆ ಹೋಯಿತು. ಹೊನ್ನಮ್ಮ ಮಾತ್ರ ಉಳಿದರು.

"ಮೊದಲೇ ಎಂತಕ್ಕೆ ಹೇಳ್ಲಿಲ್ಲ?"

"ನೀವೆಲ್ಲಾ ಮಾತಾಡ್ಸಾಕತ್ತಿದ್ರಿ. ನನಗ ಇಲ್ಲಿ ಬ್ಯಾರೆ ಯಾರೂ ಇಲ್ರಿ" ಎಂದೆ. ಹೇಳುವಾಗ ನನ್ನ ದನಿ ನನಗೇ ನಾಚಿಕೆಯಾಗುವಷ್ಟು ಸಣ್ಣದಾಯಿತು.

ಅವರು ಖಾಲಿ ಬಟ್ಟಲುಗಳನ್ನು ಒಟ್ಟು ಮಾಡತೊಡಗಿದರು. "ಓದೋ ಹುಡುಗ, ಗಲಾಟೆ ಮಾಡ್ಬೇಡಿ ಅಂತ ಕೇರಿಗೆಲ್ಲ ನಾನೇ ಹೇಳಿಟ್ಟಿದ್ದೆ ಮಾರಾಯಾ. ನೀನೂ ಕೆಳಗೆ ಬಂದವನಲ್ಲ" ಎಂದರು. ಆಮೇಲೆ, "ಆ ಹುಡುಗಂಗೆ ಕೋಣೆಗೆ ಮಾತು ಕೊಟ್ಟಾಗಿದೆ. ಇಬ್ರೂ ಇರಿ" ಎಂದು ಬಟ್ಟಲು ತೊಳೆಯಲು ಹೋದರು.

ಇಬ್ಬರೂ! ಒಂದೇ ಕೋಣೆಯಲ್ಲಿ ಒಬ್ಬ ಮನುಷ್ಯ, ಅದೂ ಎರಡು ಕಿವಿಯುಳ್ಳವನು! ಮೈದಾನವಿಲ್ಲದೆ, ಕೋಲಿಲ್ಲದೆ ನನ್ನ ನಾಲ್ಕು ತಾಸಿನ ಮಾತು ಮನೆಬಾಗಿಲಿಗೇ ಬಂದಿತ್ತು.

ಸೋಮವಾರ ಸಂಜೆ ಸಂಜಯ ಬಂದ. ಕುಮಟಾ ಹತ್ತಿರದ ಬಾಡ ಎಂಬ ಊರಿನವ, ಬ್ಯಾಂಕ್ ಪರೀಕ್ಷೆಗೆ ಓದುವವ. ಮನೆಯಲ್ಲಿ ಗದ್ದಲವೆಂದು, ಶಾಂತವಾದ ಕೋಣೆ ಬೇಕೆಂದು ಹುಡುಕಿ ಬಂದವ. ಅವನು ಚಾಪೆ ಬಿಡಿಸುವ ಮೊದಲೇ ನಾನು ಶುರು ಮಾಡಿದೆ. ಗದಗು, ಚಿಣಿದಾಂಡು, ಭಾಷಣ, ದಾಮುದಿ ಸಾಹೇಬರು, ಸೀಗಡಿ, ಬೆಕ್ಕು, ಒಂದನ್ನೂ ಬಿಡಲಿಲ್ಲ. ಪಾಪ, ಸಂಭಾವಿತ ಹುಡುಗ. ತೆರೆದ ಪುಸ್ತಕದ ಮೇಲೆ ಬೆರಳಿಟ್ಟುಕೊಂಡೇ ಒಂದು ತಾಸು ಕೇಳಿದ. ಆಮೇಲೆ ಬಹಳ ಮರ್ಯಾದೆಯಿಂದ, ಬಹಳ ಆಸೆಯಿಂದ ಕೇಳಿದ:

"ಅಣ್ಣಾ, ಹಂಗಾರೆ ನೀವು ಗಲ್ಫಿಗೆ ಹೋಗುದೇ ಇಲ್ವಾ?"