ದೇವರಿಲ್ಲದ ಕಾರು

ಆಯುಧಪೂಜೆಯ ಹಿಂದಿನ ದಿನ ಆಫೀಸಿನ ಕಾರನ್ನು ಮನೆಗೆ ತಂದದ್ದು ಗುರುದತ್ತನ ತಪ್ಪು. ಹೆಂಡತಿ ವಸುಂಧರಾಳನ್ನು ನೋಡಲು ಮೈಸೂರಿನಿಂದ ಅತ್ತೆ ಲೀಲಾವತಿಯವರು ಈ ಪರದೇಶಕ್ಕೆ ಬಂದಿದ್ದಾಗ ತಂದದ್ದು ಇನ್ನೂ ದೊಡ್ಡ ತಪ್ಪು.

ಬೆಳಗ್ಗೆ ಬಾಗಿಲು ತೆಗೆದರೆ ಅವನು ಕೆಲಸ ಮಾಡುವ ನಗರ ಕೌನ್ಸಿಲ್ಲಿನ ಹೊಚ್ಚಹೊಸ ಬಿಳಿ ಕಾರು ಮದುಮಗನ ಹಾಗೆ ಸಿಂಗರಿಸಿಕೊಂಡು ನಿಂತಿತ್ತು. ಮೂತಿಗೆ ಸ್ಯಾಂಡ್ರಿಂಗಮ್ಮಿನ ಇಂಡಿಯನ್ ಅಂಗಡಿಯಿಂದ ತಂದ ಚೆಂಡುಹೂವಿನ ಹಾರ, ಚಕ್ರಗಳಡಿ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಅಂಗೈಯಗಲ ಅರಿಶಿನ.

“ಅತ್ತೆ! ಇದು ಸರ್ಕಾರಿ ಕಾರು!”

“ಸರ್ಕಾರದ್ದಾದ್ರೇನು ಅಳಿಯಂದ್ರೆ? ನಮ್ಮಲ್ಲಿ ಪೊಲೀಸ್ ಜೀಪಿಗೂ ಮಾಡ್ತಾರೆ, ಸಿಟಿ ಬಸ್ಸಿಗೂ ಮಾಡ್ತಾರೆ. ನಿಂಬೆಹಣ್ಣಿನ ಮೇಲೆ ಹತ್ತಿಸ್ಕೊಂಡೇ ಹೋಗಿ.”

ಹೋದ ತಿಂಗಳು ಸಹೋದ್ಯೋಗಿ ಗ್ಯಾರಿ ತನ್ನ ಆಫೀಸಿನ ಯೂಟ್ ಎಂಬ ಪಿಕಪ್ ಗಾಡಿಯ ಹಿಂದೆ ಯೇಸುವಿನ ಸ್ಟಿಕ್ಕರ್ ಅಂಟಿಸಿದ್ದ. ‘ಸರ್ಕಾರಿ ಸ್ವತ್ತಿನ ಮೇಲೆ ಯಾವ ದೇವರೂ ಇರಕೂಡದು’ ಎಂದು ಮೇಲಿನವರಿಗೆ ಉದ್ದದ ಮೇಲ್ ಬರೆದವನು ಈ ಗುರುದತ್ತನೇ. ಅವರು ಅದನ್ನೇ ನಿಯಮ ಮಾಡಿಬಿಟ್ಟರು, ಅದೂ ಇವತ್ತಿನಿಂದ ಜಾರಿ. ಬಾಸ್ ಹೆಲೆನ್ ಅವನ ಕೆಲಸ ಖಾಯಂ ಮಾಡುವ ಮಾತಾಡುವುದೂ ಇವತ್ತೇ. ಆಗದಿದ್ದರೆ ಮತ್ತೆ ಮೊದಲಿನಿಂದ ಕೆಲಸ ಹುಡುಕುತ್ತ ಅಲೆಯಬೇಕು.

ಅತ್ತೆಯ ಕಣ್ಣಿಗೆ ಬೀಳದಂತೆ ಕಾರನ್ನು ಬೀದಿಯ ತಿರುವಿಗೆ ಒಯ್ದು, ಹಾರ ಕಿತ್ತು, ಬಕೆಟ್ ನೀರಿನಲ್ಲಿ ಉಜ್ಜತೊಡಗಿದ. ಅರಿಶಿನ ಜಗ್ಗಲಿಲ್ಲ. ಬೇಲಿಯ ಮೇಲೆ ತಿರುವಿನ ಮನೆಯ ಚಂದ್ರಿಕಾ ಆಂಟಿಯ ಮುಖ ಮೂಡಿತು. ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವರಿಗೆ ಗೊತ್ತಾಗುತ್ತದೆ.

“ಬರೀ ನೀರಲ್ಲಿ ಅರಿಶಿನ ಹೋಗುತ್ತೇನಪ್ಪಾ? ತಾಳು, ವಾಷಿಂಗ್ ಸೋಡಾ ಕೊಡ್ತೀನಿ.”

ಸುರಿದು ಉಜ್ಜಿದ. ಹಳದಿಯೆಲ್ಲ ಕಡುಗೆಂಪಾಗಿ ಬಾನೆಟ್ಟಿನಿಂದ ಬಂಪರಿನವರೆಗೆ ಇಳಿಯಿತು. ಅರಿಶಿನಕ್ಕೆ ಸುಣ್ಣ ಬೆರೆಸಿದ ಆರತಿ ನೀರು ಕೆಂಪಾಗುವುದನ್ನು ಹುಟ್ಟಿದಾಗಿನಿಂದ ನೋಡಿದವನಿಗೆ, ಸೋಡಾವೂ ಅದನ್ನೇ ಮಾಡುತ್ತದೆಂದು ಆ ಗಾಬರಿಯಲ್ಲಿ ಹೊಳೆಯಲಿಲ್ಲ.

“ಅಯ್ಯಯ್ಯೋ, ಓಕುಳಿ ಆಗೋಯ್ತಲ್ಲೋ! ನನ್ ಹೆಸರು ಮಾತ್ರ ಹೇಳ್ಬೇಡ,” ಎಂದು ಆಂಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊತ್ತಾಗಿತ್ತು. ಅವನು ಹಾಗೇ ಹೊರಟ. ಸಿಗ್ನಲ್ಲಿನಲ್ಲಿ ಪಕ್ಕದ ಬಸ್ಸಿನವರೆಲ್ಲ ಕಿಟಕಿಗೆ ಮೂಗು ಒತ್ತಿ ನೋಡಿದರು.

ಆಫೀಸಿನ ಅಂಗಳದಲ್ಲಿ ಸದ್ದಿಲ್ಲದೆ ಮೂಲೆಗೆ ನಿಲ್ಲಿಸೋಣವೆಂದರೆ, ಡ್ರೈವರುಗಳೆಲ್ಲ ಕೆಲಸ ಬಿಟ್ಟು ಕೈಕಟ್ಟಿ ನಿಂತಿದ್ದರು. ಗ್ಯಾರಿ ಓಡಿಬಂದ. “ಗುರು! ಯಾರಿಗೆ ಗುದ್ದಿದೆ?”

ಹಿರಿಯ ಡ್ರೈವರ್ ಸಿಯೋನೆ ತಲೆಯಾಡಿಸಿದ. “ಪ್ರಾರ್ಥನೆ ಇಲ್ದೆ ಹೊಸ ಗಾಡಿ ಬೀದಿಗಿಳಿದ್ರೆ ಹೀಗೇ ಆಗೋದು. ನಾವ್ಯಾರೂ ಹೊರಡಲ್ಲ.”

ಹೊಸ ಗಾಡಿಗಳು ಬಂದಾಗಲೆಲ್ಲ ಈ ನಾಡಿನ ಮೂಲನಿವಾಸಿಗಳಾದ ಮಾವೊರಿಗಳ ಹಿರಿಯರೊಬ್ಬರು ಬಂದು ಅವುಗಳ ಮುಂದೆ ಕರಾಕಿಯ ಎಂಬ ಪ್ರಾರ್ಥನೆ ಹೇಳಿ ಹರಸುವುದು ಇಲ್ಲಿನ ರೂಢಿ. ಗುರುದತ್ತನ ನಿಯಮದಿಂದಾಗಿ ಈ ಸಲ ಅವರಿಗೂ ಬರಬೇಡಿ ಎಂದಿದ್ದರು. ತನ್ನ ಮೇಲ್ ಅಷ್ಟು ದೂರ ಹೋಗುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಹೆಲೆನ್ ಬಂದು ಬಾನೆಟ್ ನೋಡಿ ಬಿಳಿಚಿಕೊಂಡಳು. “ಪೊಲೀಸರನ್ನ ಕರೀಲಾ?”

“ರಕ್ತ ಅಲ್ಲ!” ಗುರುದತ್ತ ಕೂಗಿಕೊಂಡ. ಅವನಿಗೆ ಅಳುವೇ ಬಂದಿತ್ತು. “ಪೂಜೆ! ನಮ್ಮತ್ತೆ ಪೂಜೆ ಮಾಡಿದಾರೆ!”

ಸಿಯೋನೆಯ ಮುಖ ಅರಳಿತು. ಬಂದು ಬಾನೆಟ್ ತಟ್ಟಿದ. “ಹಾಗಾದ್ರೆ ಈ ಕಾರು ನಂಗೆ. ಇಲ್ಲಿರೋದ್ರಲ್ಲಿ ಹರಸಿದ್ದು ಇದೊಂದೇ.”

ಹೆಲೆನ್ ನಿಟ್ಟುಸಿರು ಬಿಟ್ಟು ಮೇಲಿನವರಿಗೊಂದು, ಮಾವೊರಿ ಹಿರಿಯರಿಗೊಂದು ಫೋನ್ ಮಾಡಿದಳು. ಹಿರಿಯರು ಮಧ್ಯಾಹ್ನ ಬರುತ್ತಾರೆ, ಆಗಿನಿಂದ ನಿಯಮ ರದ್ದು. ಗ್ಯಾರಿ ಸ್ಟಿಕ್ಕರ್ ಹುಡುಕಲು ಓಡಿದ. ಗುರುದತ್ತನಿಗೆ ಹೋದ ಜೀವ ಬಂದಂತಾಯಿತು.

“ಹಾಗಾದ್ರೆ, ನನ್ನ ಖಾಯಂ ವಿಷಯ?”

“ನಿಯಮ ರದ್ದಾಗೋದು ಮಧ್ಯಾಹ್ನ, ಗುರು. ನೀವು ಮುರಿದಿದ್ದು ಬೆಳಗ್ಗೆ. ಅದು ಬದುಕಿದ್ದ ಅರ್ಧ ದಿನದಲ್ಲಿ ಸಿಕ್ಕಿಬಿದ್ದೋರು ನೀವೊಬ್ರೇ. ಮೂರು ತಿಂಗಳು ಬಿಟ್ಟು ನೋಡೋಣ.”

ಸಂಜೆ ಬಸ್ಸಿನಲ್ಲಿ ಮನೆಗೆ ಬಂದು ಎಲ್ಲ ಹೇಳಿದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ನಿಮ್ಮನ್ನ ಹೀಗೆ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ ಅಳಿಯಂದ್ರೆ. ಟಿಕೆಟ್ ಮುಂದಕ್ಕೆ ಹಾಕ್ಸು ಅಂತ ವಸುಂಧರಂಗೆ ಹೇಳ್ಬಿಟ್ಟಿದೀನಿ. ಕೆಲಸ ಗಟ್ಟಿಯಾಗೋವರೆಗೂ ಕಾರು ದಿನಾ ಮನೆಗೇ ತನ್ನಿ.”