ತೂಕದ ಮಿಷನ್ನಿಗೊಂದು ನಾಣ್ಯ

ನೆಮ್ಮದಿಯ ಮನುಷ್ಯನ ದಿನ ಕೆಡಲು ಭೂಕಂಪವೇ ಆಗಬೇಕೆಂದಿಲ್ಲ. ಅಜ್ಜಿಯೊಬ್ಬಳು ಕರವಸ್ತ್ರದ ಗಂಟು ಬಿಚ್ಚಿದರೂ ಸಾಕು.

ಟಿಕೆಟ್ಟಿಗೆ ಅಜ್ಜಿ ಕೊಟ್ಟ ಚಿಲ್ಲರೆಯನ್ನು ಕಂಡಕ್ಟರ್ ಎಂದಿನಂತೆ ಅಂಗೈಯಲ್ಲಿ ಹರವಿ, ಹೆಬ್ಬೆರಳಿನಿಂದ ಒಂದೊಂದನ್ನೇ ಸರಿಸಿ ನೋಡಿದ. ವರ್ಷಗಟ್ಟಲೆ ಹೀಗೆ ನೋಡಿ ನೋಡಿ 'ಚಿಲ್ಲರೆ ಜ್ಯೋತಿಷಿ' ಎಂಬ ಬಿರುದು ಗಳಿಸಿದ್ದವನು. ಇಂದು ಹೆಬ್ಬೆರಳು ತಟ್ಟನೆ ನಿಂತಿತು. ಮಸಿ ಹಿಡಿದ ದಪ್ಪ ನಾಣ್ಯ. ಮೇಲೆ ಹಾಯಿ ಬಿಚ್ಚಿದ ಹಡಗು.

"ಅಜ್ಜೀ, ಇದು ಈಗ ನಡೆಯಲ್ಲ."

"ನನ್ನ ಕಾಲೂ ನಡೆಯಲ್ಲಪ್ಪ. ಅದಕ್ಕೇ ಬಸ್ಸು ಹತ್ತಿದ್ದು."

ಕಂಡಕ್ಟರ್ ತನ್ನ ಜೇಬಿನಿಂದ ಟಿಕೆಟ್ಟಿನ ಹಣ ತುಂಬಿ, ನಾಣ್ಯವನ್ನು ಕಣ್ಣಿಗೊತ್ತಿಕೊಂಡ. ಮುಂದಿನ ಸೀಟಿನಿಂದ ನಿವೃತ್ತ ಮೇಷ್ಟ್ರು ಕೊಕ್ಕರೆಯಂತೆ ಕತ್ತು ಚಾಚಿದರು.

"ಅಯ್ಯೋ ಪುಣ್ಯಾತ್ಮ! ಹಡಗಿನ ನಾಣ್ಯ! ಹಳೇ ನಾಣ್ಯ ಕೂಡಿಡೋರು ಇದಕ್ಕೆ ಮನೇನೇ ಬರ್ಕೊಡ್ತಾರೆ!"

"ಮನೇನಾ?" ಡ್ರೈವರ್ ಬ್ರೇಕ್ ಒತ್ತಿದ ರಭಸಕ್ಕೆ ಮೇಷ್ಟ್ರು ಅಜ್ಜಿಯ ಬುಟ್ಟಿಯೊಳಗೆ ಕೂತರು.

"ಮಾರಲ್ಲ," ಅಂದ ಕಂಡಕ್ಟರ್. "ಇದು ತೂಕದ ಮಿಷನ್ನಿಗೆ."

ಬಸ್ ನಿಲ್ದಾಣದ ಮೂಲೆಯಲ್ಲಿ ಕನ್ನಡಿ, ಬಣ್ಣದ ಬಲ್ಬುಗಳ ಆ ಮಿಷನ್ ಇತ್ತು. ಮದುವೆಯಾದ ಹೊಸತರಲ್ಲಿ ಕಂಡಕ್ಟರ್ ಮತ್ತವನ ಹೆಂಡತಿಯ ಬಳಿ ಇದ್ದದ್ದು ಒಂದೇ ಹಡಗಿನ ನಾಣ್ಯ. ಇಬ್ಬರೂ ಒಟ್ಟಿಗೇ ಹತ್ತಿ ನಿಂತರು. ಚೀಟಿಯಲ್ಲಿ ಇಬ್ಬರದೂ ಸೇರಿ ಒಂದೇ ತೂಕ ಬಂತು. ಆ ಚೀಟಿ ಇಂದಿಗೂ ಅವನ ಜೇಬಿನಲ್ಲಿತ್ತು. "ಇದ್ರಲ್ಲಿ ನಿನ್ನದೆಷ್ಟೇ?" ಎಂದರೆ ಅವಳು ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು. "ಇನ್ನೊಂದು ದಿನ ನೀವೊಬ್ರೇ ನಿಂತು, ಕಳೆದು ನೋಡ್ಕೊಳ್ಳಿ."

ಆ ಇನ್ನೊಂದು ದಿನ ಬರುವಷ್ಟರಲ್ಲಿ ಹಡಗಿನ ನಾಣ್ಯ ಚಲಾವಣೆಯಿಂದ ಹೋಯಿತು, ಆಮೇಲೆ ಅವಳೂ ಹೋದಳು. ಹೊಸ ನಾಣ್ಯಗಳನ್ನು ಮಿಷನ್ ಮುಟ್ಟುತ್ತಿರಲಿಲ್ಲ. ಇಂದು ಅದನ್ನೂ ಗುಜರಿಗೆ ಒಯ್ಯುವವರಿದ್ದರು.

"ಔಷಧಿ ಅಂಗಡೀಲಿ ತೂಕ ನೋಡ್ಕೋಬಾರ್ದೇನಯ್ಯ?" ಕಥೆ ಕೇಳಿದ ಮೇಷ್ಟ್ರು ಗೋಗರೆದರು.

"ಅವಳು ಅದರ ಮೇಲೆ ನಿಂತಿರಲಿಲ್ವಲ್ಲ, ಮೇಷ್ಟ್ರೇ."

"ಕಾಲ ಕಳೆದು ನಿನ್ನ ತೂಕ ಬದಲಾಗಿರಲ್ವಾ?"

"ಆಗಿನ ಪ್ಯಾಂಟು ಈಗ್ಲೂ ಹಿಡಿಯುತ್ತೆ."

ನಿಲ್ದಾಣದಲ್ಲಿ ಗುಜರಿಯವನ ಲಾರಿ ಆಗಲೇ ಬಂದು ನಿಂತಿತ್ತು. "ಬೇಗ ಮುಗಿಸಣ್ಣ," ಅಂದ ಅವನು, ಹಗ್ಗ ಬಿಚ್ಚುತ್ತಾ.

ಕಂಡಕ್ಟರ್ ಚಪ್ಪಲಿ ಕಳಚಿ, ದೇವರ ತಕ್ಕಡಿಗೇ ಹತ್ತುವವನಂತೆ ಮೆಲ್ಲಗೆ ಹತ್ತಿದ. ಒಂದು ಪಕ್ಕದಲ್ಲಿ ಅವಳಿಗಿಷ್ಟು ಜಾಗ ಬಿಟ್ಟ. ನಾಣ್ಯ ತೂರಿಸಿದ.

"ಹಾಕಬೇಡ್ವೋ! ಮನೆ ಕಣೋ ಅದು!" ಡ್ರೈವರ್ ಹಾರಿ ಬಂದು ಸೊಂಟ ಹಿಡಿದ. ಡ್ರೈವರನ ಸೊಂಟವನ್ನು ಮೇಷ್ಟ್ರು ಹಿಡಿದರು. ಅವಳಿಗೆಂದು ಬಿಟ್ಟ ಜಾಗದಲ್ಲಿ ಅವರಿಬ್ಬರ ನಾಲ್ಕು ಕಾಲುಗಳು ಒದ್ದಾಡುವಾಗಲೇ ಬಲ್ಬುಗಳು ಗಿರ್ರನೆ ತಿರುಗಿ, ಮಿಷನ್ ಏದುಸಿರು ಬಿಟ್ಟು ಚೀಟಿ ಉಗುಳಿತು.

ಚೀಟಿಯಲ್ಲಿದ್ದದ್ದು ಎಮ್ಮೆಯ ತೂಕ.

ಮೇಷ್ಟ್ರು ಹಳೇ ಚೀಟಿಯ ತೂಕದಿಂದ ಇದನ್ನು ಕಳೆದು ತಲೆ ಕೆರೆದುಕೊಂಡರು. "ಈ ಲೆಕ್ಕದಲ್ಲಿ ನಿನ್ನ ಹೆಂಡ್ತಿ ತೂಕ ಸೊನ್ನೆಗಿಂತ ಕಮ್ಮಿ ಆಗುತ್ತಲ್ಲಯ್ಯ!"

ಕಂಡಕ್ಟರ್ ಕೆಳಗಿಳಿದು ಚಪ್ಪಲಿ ಹುಡುಕತೊಡಗಿದ. ಅಷ್ಟರಲ್ಲಿ ಬೆನ್ನ ಹಿಂದೆ ಢಣ್ ಎಂದು ಸುತ್ತಿಗೆಯ ಏಟು. "ಇಷ್ಟು ಭಾರ ಯಾಕೆ ಇದು!" ಎನ್ನುತ್ತಾ ಗುಜರಿಯವನು ಮಿಷನ್ನಿನ ಹೊಟ್ಟೆ ಒಡೆದಿದ್ದ. ಒಳಗಿಂದ ಹಡಗಿನ ನಾಣ್ಯಗಳು ಮೆಕ್ಕೆಜೋಳದ ಕಾಳಿನಂತೆ ಸುರಿದವು. ಊರಿಗೆ ಊರೇ ಹುಡುಕಿದರೂ ಸಿಗದ ನಾಣ್ಯವನ್ನೆಲ್ಲ ಆ ಹೊಟ್ಟೆಬಾಕ ನುಂಗಿ ಕೂತಿತ್ತು.

ಮೇಷ್ಟ್ರು ಕುಸಿದು ಕೂತರು. "ಹೋಯ್ತು! ಇಷ್ಟೊಂದಿದ್ರೆ ಮನೆಯಲ್ಲ, ಚಾಪೇನೂ ಬರಲ್ಲ."

"ಹಂಗಾದ್ರೆ ಬೇಕಾದಷ್ಟು ತಗೋ ಅಣ್ಣ," ಗುಜರಿಯವನು ಕಂಡಕ್ಟರನ ಚೀಲಕ್ಕೆ ಬೊಗಸೆಗಟ್ಟಲೆ ಸುರಿದ.

ಕಂಡಕ್ಟರನ ಮುಖ ಅರಳಿತು. ಒಂದು ನಾಣ್ಯ ಹಿಡಿದು ಗರಕ್ಕನೆ ತಿರುಗಿದ. "ಇನ್ನೊಂದು ಸಲ ನಿಲ್ತೀನಿ, ಒಬ್ಬನೇ—"

ವೈರು ಕತ್ತರಿಸಿಯಾಗಿತ್ತು. ಮಿಷನ್ ಲಾರಿಯಲ್ಲಿ ಅಂಗಾತ ಮಲಗಿ ಆಕಾಶ ನೋಡುತ್ತಿತ್ತು. ಲಾರಿ ತಿರುವಿನಲ್ಲಿ ಹೊರಳುವಾಗ ಕನ್ನಡಿ ಒಮ್ಮೆ ಫಳ್ಳನೆ ಮಿನುಗಿತು, ಯಾರೋ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡವಿಟ್ಟಂತೆ.

"ಹೊರಡೋಣ್ವಾ?" ಡ್ರೈವರ್ ಮೆಲ್ಲಗೆ ಕೇಳಿದ.

ಕಂಡಕ್ಟರ್ ಬಸ್ಸು ಹತ್ತಿದ. ಚೀಲದ ಭಾರಕ್ಕೆ ಒಂದು ಕಡೆ ವಾಲಿ ನಿಂತು, "ರೈಟ್," ಅಂದ.